ಸೂರಿನ ದೋಣಿ ಬಳಿಯುವವರು ಯಾರು? ನಾರಿಚ್ ನಗರದ ಹಳೆಯ ಕಟ್ಟಡಗಳ ಪಾಡು

ಇಂಗ್ಲೆಂಡಿನ ಪೂರ್ವಕ್ಕಿರುವ ನಾರಿಚ್ ನಗರದ ಬಗ್ಗೆ ಹಳೆಯದೊಂದು ಮಾತಿದೆ: ವಾರಕ್ಕೊಂದು ಚರ್ಚು, ದಿನಕ್ಕೊಂದು ಪಬ್ಬು. (ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಡಬ್ಲ್ಯೂ ಅಕ್ಷರ ಇಣುಕುತ್ತದೆ, ಊರಿನವರ ಬಾಯಲ್ಲಿ ಅದರ ಸುಳಿವಿಲ್ಲ.) ಪಬ್ಬುಗಳ ಲೆಕ್ಕ ಈಗ ಬಹಳ ಇಳಿದಿದೆ. ಚರ್ಚುಗಳು ಅಷ್ಟು ಸುಲಭವಾಗಿ ಜಾಗ ಬಿಟ್ಟುಕೊಡಲಿಲ್ಲ. ಮಧ್ಯಯುಗದಲ್ಲಿ ಊರಗೋಡೆಯ ಒಳಗೆ ಐವತ್ತಕ್ಕೂ ಹೆಚ್ಚು ಚರ್ಚುಗಳಿದ್ದವು, ಅವುಗಳಲ್ಲಿ 31 ಇಂದಿಗೂ ನಿಂತಿವೆ. ಆಲ್ಪ್ಸ್ ಪರ್ವತದ ಉತ್ತರಕ್ಕೆ, ಪಶ್ಚಿಮ ಯುರೋಪಿನ ಇನ್ನಾವ ಊರಿನಲ್ಲೂ ಇಷ್ಟೊಂದು ಮಧ್ಯಯುಗದ ಚರ್ಚುಗಳು ಉಳಿದಿಲ್ಲ ಎಂದು ಇಲ್ಲಿಯವರು ಹೆಮ್ಮೆಪಡುತ್ತಾರೆ. ಹೆಮ್ಮೆಯ ಹಿಂದೆಯೇ ಒಂದು ಚಿಂತೆಯೂ ಇದೆ. ಈ 31ರಲ್ಲಿ ಬಹುಪಾಲು ಚರ್ಚುಗಳಲ್ಲಿ ಪ್ರಾರ್ಥನೆ ನಿಂತು ದಶಕಗಳೇ ಆಗಿವೆ.

ಇಂಥ ಊರಿನಿಂದ ಹೊರಗೆ ಬರುವ ಸುದ್ದಿಯೆಂದರೆ ಸಾಮಾನ್ಯವಾಗಿ ಎತ್ತರದ ಜಗಳ. ಯಾರೋ ಬಹುಮಹಡಿ ಕಟ್ಟಡ ಕಟ್ಟಹೊರಟರು, ಕ್ಯಾಥೆಡ್ರಲ್ಲಿನ ನೋಟಕ್ಕೆ ಅಡ್ಡವಾಯಿತು, ಮಂತ್ರಿ ತಡೆದರು. ಆ ಕಥೆಯನ್ನೂ ಹೇಳುತ್ತೇನೆ. ಆದರೆ ನನ್ನ ಕಣ್ಣು ಇರುವುದು ಸೂರಿನ ಮೇಲೆ. ಇಲ್ಲಿನ ಹಳೆಯ ಕಟ್ಟಡಗಳನ್ನು ಕೊಲ್ಲುವುದು ಬುಲ್ಡೋಜರ್ ಅಲ್ಲ, ಮಾಡಿನ ಅಂಚಿನಲ್ಲಿ ಮಳೆನೀರನ್ನು ಸಾಗಿಸುವ ಸೀಸದ ದೋಣಿ. ನವೆಂಬರ್ ಬಂದರೆ ಉದುರಿದ ಎಲೆಗಳೆಲ್ಲ ಆ ದೋಣಿಯಲ್ಲಿ ಬಂದು ಕೂರುತ್ತವೆ. ಕೊಳೆತು ಮಣ್ಣಾಗುತ್ತವೆ. ಪಾರಿವಾಳಗಳು ತಮ್ಮ ಪಾಲಿನ ಕಡ್ಡಿ, ಹಿಕ್ಕೆ ಸೇರಿಸುತ್ತವೆ. ಗಾಳಿಗೆ ಹಾರಿ ಬಂದ ಬೀಜವೊಂದು ಅಲ್ಲೇ ಬೇರು ಬಿಡುತ್ತದೆ. ದಾರಿ ಕಾಣದ ನೀರು ಗೋಡೆಯ ನೆತ್ತಿಗೆ ಇಳಿಯುತ್ತದೆ. ಓಕ್ ಮರದ ತೊಲೆಯ ತುದಿ ಗೋಡೆಯೊಳಗೆ ಹೂತಿರುವುದು ಸರಿಯಾಗಿ ಅದೇ ಜಾಗದಲ್ಲಿ. ಕೆಳಗೆ ನಿಂತು ನೋಡುವವರಿಗೆ ಏನೂ ಕಾಣುವುದಿಲ್ಲ. ಒಂದು ದಿನ ಒಳಗಿನ ಸುಣ್ಣದ ಮೇಲೆ ಹಸಿರು ಕಲೆ ಮೂಡುತ್ತದೆ. ಅಷ್ಟು ಹೊತ್ತಿಗೆ ಐನೂರು ವರ್ಷ ಮಾಡು ಹೊತ್ತ ತೊಲೆಯ ತುದಿ ನೆನೆದ ರಸ್ಕಿನಂತಾಗಿರುತ್ತದೆ. ಇಷ್ಟನ್ನೂ ತಡೆಯಲು, ದೋಣಿಯ ಕೊಳೆಯನ್ನು ಬಳಿದು ತೆಗೆಯಲು ಬೇಕಿದ್ದದ್ದು ಒಂದು ಏಣಿ, ಒಬ್ಬ ಆಳು, ಅರ್ಧ ದಿನದ ಕೆಲಸ.

ಆ ಆಳನ್ನು ಕಳಿಸಬೇಕಾದವರು ಯಾರು, ಕೂಲಿ ಕೊಡಬೇಕಾದವರು ಯಾರು? ನಾರಿಚ್‌ನ ಪರಂಪರೆಯ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿ.

ಊರಿನಲ್ಲಿ ಇಷ್ಟೆಲ್ಲ ಉಳಿದದ್ದಕ್ಕೆ ಭಕ್ತಿಯಷ್ಟೇ ಬಡತನವೂ ಕಾರಣ. ಉಣ್ಣೆ ನೇಯ್ಗೆಯಿಂದ ಶ್ರೀಮಂತವಾಗಿದ್ದ ನಾರಿಚ್ ಒಂದು ಕಾಲಕ್ಕೆ ಲಂಡನ್ನಿನ ನಂತರದ ದೊಡ್ಡ ಊರು. ವರ್ತಕರು ತಮ್ಮ ತಮ್ಮ ಬೀದಿಯ ಚರ್ಚಿಗೆ ಹಣ ಸುರಿದರು. 16ನೆಯ ಶತಮಾನದಲ್ಲಿ ಧಾರ್ಮಿಕ ಕಿರುಕುಳದಿಂದ ಓಡಿಬಂದ ಡಚ್ ಮತ್ತು ವಲೂನ್ ನೇಕಾರರನ್ನು ಊರು ಬರಮಾಡಿಕೊಂಡಿತು. ಅವರು ಸಾಕಿ ತಂದ ಕೆನರಿ ಹಕ್ಕಿ ಇಂದಿಗೂ ಊರಿನ ಫುಟ್ಬಾಲ್ ತಂಡದ ಲಾಂಛನ. ಆಮೇಲೆ ಉಗಿಯಂತ್ರ ಬಂತು, ನೇಯ್ಗೆ ಯಾರ್ಕ್‌ಶೈರಿನ ಗಿರಣಿಗಳ ಪಾಲಾಯಿತು. ಹಣವಿದ್ದ ಊರುಗಳು ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿಕೊಂಡವು. ಕೈ ಬರಿದಾದ ನಾರಿಚ್ ಇದ್ದದ್ದರಲ್ಲೇ ದಿನ ದೂಡಿತು. 1942ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಎರಡು ರಾತ್ರಿ ಬಾಂಬು ಸುರಿದಾಗ ಹಲವು ಚರ್ಚುಗಳು ಹೋದವು. ಪ್ರವಾಸಿ ಕೈಪಿಡಿಯಲ್ಲಿ ಹೊಗಳಿಸಿಕೊಂಡ ಸುಂದರ ಊರುಗಳನ್ನೇ ಆರಿಸಿ ಹೊಡೆದ ಬೇಡೆಕರ್ ದಾಳಿಗಳು ಅವು. ಎಕ್ಸಿಟರ್, ಬಾತ್, ಯಾರ್ಕ್, ಕ್ಯಾಂಟರ್ಬರಿಗಳೂ ಅದೇ ಪಟ್ಟಿಯಲ್ಲಿದ್ದವು.

ರಕ್ಷಿಸಬೇಕಾದ ಕಟ್ಟಡಗಳ ಪಟ್ಟಿ ಹುಟ್ಟಿದ್ದೂ ಆ ಬಾಂಬುಗಳ ಹೊಗೆಯಲ್ಲೇ. ಹಾನಿಗೊಂಡ ಕಟ್ಟಡಗಳಲ್ಲಿ ಯಾವುದನ್ನು ಕೆಡವಬಾರದು ಎಂದು ಗುರುತು ಹಾಕುತ್ತ ಹೋದ ಕೆಲಸ 1944 ಮತ್ತು 1947ರ ನಗರ ಯೋಜನಾ ಕಾಯ್ದೆಗಳಲ್ಲಿ ಶಾಶ್ವತ ವ್ಯವಸ್ಥೆಯಾಯಿತು. ಇಂದು ಇಂಗ್ಲೆಂಡಿನಲ್ಲಿ ಹೀಗೆ ಪಟ್ಟಿಗೆ ಸೇರಿದ, ಅಂದರೆ ಲಿಸ್ಟೆಡ್ ಎನಿಸಿಕೊಂಡ ದಾಖಲೆಗಳು ಹತ್ತಿರಹತ್ತಿರ ನಾಲ್ಕು ಲಕ್ಷ. ಮೊದಲ ದರ್ಜೆಯವು ಶೇ 2.5, ನಕ್ಷತ್ರ ಗುರುತಿನ ಎರಡನೆಯ ದರ್ಜೆಯವು ಶೇ 5.8, ಉಳಿದ ಶೇ 91.7 ಬರೀ ಎರಡನೆಯ ದರ್ಜೆ. ನಾರಿಚ್ ಒಂದರಲ್ಲೇ ಸಾವಿರಕ್ಕೂ ಹೆಚ್ಚು. ಕ್ರಿ.ಶ. 1700ಕ್ಕಿಂತ ಮೊದಲಿನದು, ಮೂಲರೂಪದ ಗಣನೀಯ ಭಾಗ ಉಳಿಸಿಕೊಂಡದ್ದು ಎಂದಾದರೆ ಪಟ್ಟಿಯಲ್ಲಿ ಜಾಗ ಹೆಚ್ಚುಕಡಿಮೆ ಖಚಿತ.

ನಮ್ಮ ಪುರಾತತ್ತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನೋಡಿದರೆ ದಾರಿ ತಪ್ಪುತ್ತದೆ. ಲಿಸ್ಟೆಡ್ ಕಟ್ಟಡಕ್ಕೆ ಬೇಲಿಯಿಲ್ಲ, ಟಿಕೆಟ್ಟಿಲ್ಲ, ನೀಲಿ ಫಲಕವಿಲ್ಲ. ಅದರಲ್ಲಿ ಜನ ಸಂಸಾರ ಮಾಡುತ್ತಾರೆ, ಕ್ಷೌರದಂಗಡಿ ಇಡುತ್ತಾರೆ, ಮಾರುತ್ತಾರೆ, ಕೊಳ್ಳುತ್ತಾರೆ. ಒಂದೇ ಕಟ್ಟಳೆ: ಕಟ್ಟಡದ ಸ್ವರೂಪ ಬದಲಾಗುವಂಥ ಯಾವುದನ್ನೂ, ಒಳಗಾಗಲಿ ಹೊರಗಾಗಲಿ, ನಗರಸಭೆಯ ಅನುಮತಿ ಇಲ್ಲದೆ ಮಾಡುವಂತಿಲ್ಲ. 1990ರ ಕಾಯ್ದೆಯ ಪ್ರಕಾರ ಅದು ಕ್ರಿಮಿನಲ್ ಅಪರಾಧ. ಎರಡು ವರ್ಷದವರೆಗೆ ಜೈಲು, ಮಿತಿಯಿಲ್ಲದ ದಂಡ. ಹಳೆಯ ಕಿಟಕಿ ಕಿತ್ತು ಪ್ಲಾಸ್ಟಿಕ್ ಚೌಕಟ್ಟು ಕೂರಿಸಿದವನೂ ಕಟಕಟೆ ಹತ್ತಬಹುದು.

ಹಾಳು ಮಾಡಿದವನಿಗೆ ಜೈಲು, ಸರಿ. ಹಾಳಾಗಲು ಬಿಟ್ಟವನಿಗೆ? ಕಿಟಕಿ ಬದಲಿಸುವುದು ಕೃತ್ಯ. ದೋಣಿ ಬಳಿಯದೆ ಇರುವುದು ಕೃತ್ಯವಲ್ಲ, ಸುಮ್ಮನಿರುವುದು. ಸುಮ್ಮನಿರುವವನನ್ನು ಕಾನೂನು ನೇರವಾಗಿ ಹಿಡಿಯಲಾರದು. ನಗರಸಭೆ ತುರ್ತು ಕೆಲಸದ ನೋಟಿಸ್ ಕೊಡಬಹುದು, ತಾನೇ ಟಾರ್ಪಾಲು ಹೊದಿಸಿ ಖರ್ಚು ವಸೂಲಿಗೆ ಹೊರಡಬಹುದು. ದುರಸ್ತಿ ನೋಟಿಸ್ ಕೊಟ್ಟು, ಅದಕ್ಕೂ ಮಾಲೀಕ ಬಗ್ಗದಿದ್ದರೆ ಕಡ್ಡಾಯವಾಗಿ ಕಟ್ಟಡವನ್ನೇ ಕೊಳ್ಳಲು ಮುಂದಾಗಬಹುದು. ಕಾಗದದ ಮೇಲೆ ಇವೆಲ್ಲ ಗಟ್ಟಿ ಆಯುಧಗಳು. ಆದರೆ ಕೊಂಡ ಮೇಲೆ ಆ ಸೋರುವ ಮಾಡು ನಗರಸಭೆಯ ತಲೆಯ ಮೇಲೆಯೇ ಬರುತ್ತದೆ. ಇಂಗ್ಲೆಂಡಿನ ನಗರಸಭೆಗಳ ಬೊಕ್ಕಸ ಎಂಥ ಸ್ಥಿತಿಯಲ್ಲಿದೆ ಎಂಬುದು ಗುಟ್ಟೇನಲ್ಲ. ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ಅಧಿಕಾರಿಗಳ ಸಂಖ್ಯೆಯೂ ಕಳೆದ ಹದಿನೈದು ವರ್ಷಗಳಲ್ಲಿ ದೇಶದಾದ್ಯಂತ ಗಣನೀಯವಾಗಿ ಇಳಿದಿದೆ. ಹಾಗಾಗಿ ಆಯುಧಗಳು ಹೆಚ್ಚಾಗಿ ಒರೆಯಲ್ಲೇ ಇರುತ್ತವೆ.

ಈಗ ಆ ಎತ್ತರದ ಜಗಳಕ್ಕೆ ಬರೋಣ. ಊರಿನ ಉತ್ತರ ಭಾಗದಲ್ಲಿ ಆಂಗ್ಲಿಯಾ ಸ್ಕ್ವೇರ್ ಎಂಬ ಕಾಂಕ್ರೀಟಿನ ಮಾರುಕಟ್ಟೆ ಸಂಕೀರ್ಣವಿತ್ತು. 1960-70ರ ದಶಕಗಳಲ್ಲಿ ಹಳೆಯ ಬೀದಿಗಳನ್ನು ಅಳಿಸಿ ಕಟ್ಟಿದ್ದು. ಅದರ ಪಕ್ಕದಲ್ಲೇ ಒಂದು ಮೇಲ್ಸೇತುವೆ ಮ್ಯಾಗ್ಡಲೀನ್ ಬೀದಿಯನ್ನು ಅಡ್ಡಲಾಗಿ ಸೀಳಿಕೊಂಡು ಹೋಗುತ್ತದೆ. ಸರ್ಕಾರಿ ಮುದ್ರಣ ಕಚೇರಿ ಖಾಲಿ ಮಾಡಿದ ಸಾವರಿನ್ ಹೌಸ್ ಎಂಬ ದೈತ್ಯ ಕಟ್ಟಡ ಒಡೆದ ಗಾಜುಗಳೊಂದಿಗೆ ವರ್ಷಗಟ್ಟಲೆ ಹಾಗೇ ನಿಂತಿತ್ತು. ಅದನ್ನೆಲ್ಲ ಕೆಡವಿ 1,200ಕ್ಕೂ ಹೆಚ್ಚು ಮನೆಗಳನ್ನು, ಜೊತೆಗೆ 20 ಮಹಡಿಯ ಒಂದು ಗೋಪುರವನ್ನು ಕಟ್ಟುವ ಯೋಜನೆಗೆ ನಗರಸಭೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಪರಂಪರೆಯ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ವಿರೋಧಿಸಿತು, ಊರಿನ ಪರಂಪರೆಯ ಪರ ದನಿಯೆತ್ತುವ, 1923ರಲ್ಲಿ ಹುಟ್ಟಿದ ನಾರಿಚ್ ಸೊಸೈಟಿಯೂ ಎದ್ದು ನಿಂತಿತು. ಸಾರ್ವಜನಿಕ ವಿಚಾರಣೆ ನಡೆಸಿದ ಅಧಿಕಾರಿ ಯೋಜನೆಯ ಪರವಾಗಿಯೇ ಶಿಫಾರಸು ಮಾಡಿದರು. ಆದರೆ ಆಗಿನ ಸಚಿವ ರಾಬರ್ಟ್ ಜೆನ್ರಿಕ್ 2020ರ ನವೆಂಬರ್‌ನಲ್ಲಿ ಆ ಶಿಫಾರಸನ್ನು ತಳ್ಳಿಹಾಕಿ ಅನುಮತಿ ನಿರಾಕರಿಸಿದರು.

ನೋಟದ ವಾದದಲ್ಲಿ ಹುರುಳಿದೆ. ಕ್ಯಾಥೆಡ್ರಲ್ಲಿನ ಶಿಖರ 96 ಮೀಟರ್ ಎತ್ತರ. ಇಂಗ್ಲೆಂಡಿನಲ್ಲಿ ಅದಕ್ಕಿಂತ ಎತ್ತರದ ಕ್ಯಾಥೆಡ್ರಲ್ ಶಿಖರವಿರುವುದು ಸಾಲ್ಸ್‌ಬರಿಯಲ್ಲಿ ಮಾತ್ರ. ಊರಿನ ಯಾವ ದಿಬ್ಬ ಹತ್ತಿದರೂ ಮೊದಲು ಕಣ್ಣಿಗೆ ಬೀಳುವುದು ಅದೇ. ಅದಕ್ಕೆ ಪೈಪೋಟಿಯಾಗಿ ಒಂದು ಫ್ಲಾಟುಗಳ ಗೋಪುರ ನಿಲ್ಲುವುದು ನನಗೂ ಹಿತವೆನಿಸುವುದಿಲ್ಲ. ಆದರೆ ಮುಂದೇನಾಯಿತು ನೋಡಿ. ಎತ್ತರ ತಗ್ಗಿಸಿದ ಎರಡನೆಯ ಯೋಜನೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಬಿಲ್ಡರ್ ಕಂಪನಿ ಖರ್ಚು ಗಿಟ್ಟುವುದಿಲ್ಲ ಎಂದು ಕೈತೊಳೆದುಕೊಂಡಿತು. 2024ರ ಕೊನೆಯ ಹೊತ್ತಿಗೆ ನಗರಸಭೆಯೇ ಜಾಗವನ್ನು ಕೊಂಡಿತು, 2025ರಲ್ಲಿ ಕೆಡವುವ ಕೆಲಸ ಶುರುವಾಯಿತು. ಇಷ್ಟು ವರ್ಷ ವಕೀಲರು, ವಾಸ್ತುಶಿಲ್ಪಿಗಳು, ಸಂಘಗಳು ಸುರಿಸಿದ ಬೆವರೆಲ್ಲ ಇನ್ನೂ ಹುಟ್ಟದ ಕಟ್ಟಡವೊಂದರ ಎತ್ತರಕ್ಕೆ ಮೀಸಲಾಯಿತು. ಅತ್ತ ನಿಂತಿರುವ ಕಟ್ಟಡಗಳ ದೋಣಿಯಲ್ಲಿ ಎಲೆ ಕೊಳೆಯುತ್ತಲೇ ಇತ್ತು.

ದೋಣಿಯ ಪ್ರಶ್ನೆಗೆ ನಾರಿಚ್ ತನ್ನದೇ ಆದ ಒಂದು ಉತ್ತರವನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಇತರ ಊರುಗಳು ಕಲಿಯಬೇಕಾದದ್ದು ಅದು. 1969ರಲ್ಲಿ ಲಾರ್ಡ್ ಬ್ರೂಕ್ ನೇತೃತ್ವದ ಆಯೋಗ ಊರೊಳಗಿನ ಚರ್ಚುಗಳಲ್ಲಿ ಹೆಚ್ಚಿನವು ಪ್ರಾರ್ಥನೆಗೆ ಬೇಕಿಲ್ಲ ಎಂದು ವರದಿ ಕೊಟ್ಟಿತು. ಅವುಗಳ ಹೊಣೆ ನಗರಸಭೆಗೆ ಬಂತು, ನೋಡಿಕೊಳ್ಳಲು 1973ರಲ್ಲಿ ನಾರಿಚ್ ಹಿಸ್ಟಾರಿಕ್ ಚರ್ಚಸ್ ಟ್ರಸ್ಟ್ ಹುಟ್ಟಿತು. ಆ ಟ್ರಸ್ಟಿನ ಕೈಯಲ್ಲಿ 18 ಚರ್ಚುಗಳಿವೆ. ಬೀಗ ಹಾಕಿ ಕಾಯುವ ಬದಲು ಬಾಡಿಗೆಗೆ ಕೊಡುವುದು ಅದರ ದಾರಿ. ಸೇಂಟ್ ಜೇಮ್ಸ್ ಚರ್ಚಿನಲ್ಲಿ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಬೊಂಬೆಯಾಟದ ರಂಗಮಂದಿರ. ಸೇಂಟ್ ಸ್ವಿದಿನ್ ಚರ್ಚು ಕಲಾಕೇಂದ್ರವಾಗಿದೆ. ಅಮೆರಿಕದ ನಿರ್ವಾಣ ತಂಡ ಲೋಕಪ್ರಸಿದ್ಧವಾಗುವ ಮೊದಲು, 1989ರಲ್ಲಿ, ಅಲ್ಲಿ ಹಾಡಿ ಹೋಗಿತ್ತು. ಸೇಂಟ್ ಗ್ರೆಗರಿಯಲ್ಲಿ ಹಳೆಯ ಸಾಮಾನುಗಳ ಮಾರಾಟ: ಪಿಂಗಾಣಿ ತಟ್ಟೆ, ಹಿತ್ತಾಳೆ ದೀಪ, ಯಾರದೋ ಅಜ್ಜಿಯ ಕೋಟು. ಅವುಗಳ ಪಕ್ಕದ ಗೋಡೆಯ ಮೇಲೆ ಮಧ್ಯಯುಗದ ಸೇಂಟ್ ಜಾರ್ಜ್ ಇನ್ನೂ ಡ್ರ್ಯಾಗನ್ನಿನ ಜೊತೆ ಹೋರಾಡುತ್ತಿದ್ದಾನೆ.

ಇದು ಧರ್ಮಕ್ಕೆ ಅಪಚಾರವೆಂದು ಮೂಗು ಮುರಿಯುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯಲು ಒಬ್ಬನಿಗೆ ಕಾರಣವಿದ್ದರೆ ಮೂಲೆಯಲ್ಲಿ ತೊಟ್ಟಿಕ್ಕುವ ನೀರು ಅಂದೇ ಕಣ್ಣಿಗೆ ಬೀಳುತ್ತದೆ. ಅಜ್ಜಿಯ ಕೋಟು ಒದ್ದೆಯಾದರೆ ವ್ಯಾಪಾರಿ ಅಂದೇ ಫೋನು ಎತ್ತುತ್ತಾನೆ. ಬೀಗ ಹಾಕಿದ ಚರ್ಚಿನಲ್ಲಿ ಅದೇ ನೀರನ್ನು ಗಮನಿಸಲು ಮುಂದಿನ ತಪಾಸಣೆಯವರೆಗೆ ಕಾಯಬೇಕು. ಮಾಡಿನ ಸೀಸದ ಹಾಳೆಗಳನ್ನು ರಾತ್ರೋರಾತ್ರಿ ಸುಲಿದೊಯ್ಯುವ ಕಳ್ಳರೂ ಜನ ಓಡಾಡದ ಚರ್ಚನ್ನೇ ಹುಡುಕುತ್ತಾರೆ. ಹಾಗೆಂದು ಈ ಮಾದರಿ ಸುಖಾಂತವೇನಲ್ಲ. ಬೊಂಬೆಯಾಟದವರೂ ಕಲಾವಿದರೂ ಕೊಡಬಲ್ಲ ಬಾಡಿಗೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ದೋಣಿ ಬಳಿಯಲು ಅದು ಸಾಕಾದೀತು, ಇಡೀ ಮಾಡು ಬದಲಿಸಲು ಸಾಲದು.

ಬದಲಿಸುವ ಕೆಲಸವೂ ಸಾಮಾನ್ಯದ್ದಲ್ಲ. ಈ ಸೀಮೆಯಲ್ಲಿ ಕಟ್ಟಡಕ್ಕಾಗುವ ಒಳ್ಳೆಯ ಕಲ್ಲೇ ಇಲ್ಲ. ಕ್ಯಾಥೆಡ್ರಲ್ ಕಟ್ಟಲು 1096ರಲ್ಲಿ ಕೈಹಾಕಿದ ಬಿಷಪ್ ಹರ್ಬರ್ಟ್ ಡಿ ಲೊಸಿಂಗ ಫ್ರಾನ್ಸಿನ ಕಾನ್ ಪಟ್ಟಣದಿಂದ ಹಡಗಿನಲ್ಲಿ ಕಲ್ಲು ತರಿಸಿದ. ಉಳಿದವರಿಗೆ ನೆಲದಲ್ಲಿ ಸಿಗುವ ಚಕಮಕಿ ಕಲ್ಲೇ ಗತಿ. ಬ್ರೈಡ್‌ವೆಲ್ ಎಂಬ ಹಳೆಯ ಮನೆಯ ಪಕ್ಕದ ಓಣಿಯಲ್ಲಿ ಆ ಕೆಲಸದ ಪರಾಕಾಷ್ಠೆ ಇದೆ. ಒರಟು ಗುಂಡುಕಲ್ಲನ್ನು ಒಡೆದು, ಒಳಗಿನ ಕಪ್ಪು ಗಾಜಿನಂಥ ಮೈಯನ್ನು ಹೊರಗೆ ಮಾಡಿ, ಪುಟ್ಟ ಪುಟ್ಟ ಚೌಕಗಳಾಗಿ ಕಡಿದು ಒಂದರ ಪಕ್ಕ ಒಂದು ಜೋಡಿಸಿದ್ದಾರೆ. ಸಂದಿನಲ್ಲಿ ಚಾಕುವಿನ ತುದಿಯೂ ತೂರುವುದು ಅನುಮಾನ. ಮಳೆ ಬಂದು ನಿಂತ ಮೇಲೆ ಆ ಗೋಡೆ ಶಾಯಿ ಬಳಿದಂತೆ ಮಿಂಚುತ್ತದೆ. ಚಕಮಕಿ ಕಲ್ಲು ನೀರು ಕುಡಿಯುವುದಿಲ್ಲ, ಆದ್ದರಿಂದ ಸಾಮಾನ್ಯ ಗೋಡೆಗಳಲ್ಲಿ ತೇವದ ಓಡಾಟವೆಲ್ಲ ನಡುವಿನ ಸುಣ್ಣದ ಗಾರೆಯ ಮೂಲಕವೇ ನಡೆಯಬೇಕು. 20ನೆಯ ಶತಮಾನದಲ್ಲಿ ಅನೇಕ ಕಡೆ ಗಾರೆ ಉದುರಿದ ಜಾಗಕ್ಕೆ ಸಿಮೆಂಟು ಮೆತ್ತಿದರು. ಸಿಮೆಂಟು ಉಸಿರಾಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನೇ ಹೊರಗೆ ತಳ್ಳುತ್ತದೆ. ಸುಣ್ಣ ಅರೆದು ಗೋಡೆ ಕಟ್ಟಿದ ನಮ್ಮ ಕಡೆಯ ಹಳೆಯ ಮೇಸ್ತ್ರಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಆ ಸಿಮೆಂಟನ್ನು ಕಲ್ಲಿಗೆ ನೋವಾಗದಂತೆ ಕೆತ್ತಿ ತೆಗೆದು ಸುಣ್ಣ ತುಂಬಬಲ್ಲ ಕೈಗಳು ಇಂದು ಕಡಿಮೆ, ಇರುವವರ ಕೂಲಿ ಹೆಚ್ಚು.

ಆ ಕೂಲಿಯ ಮೇಲೆ ತೆರಿಗೆ ಬೇರೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಹಳೆಯ ಮನೆ ರಿಪೇರಿ ಮಾಡಿಸಿದರೆ ಸಾಮಾನ್ಯವಾಗಿ ಶೇ 20. ಎರಡು ವರ್ಷಕ್ಕಿಂತ ಹೆಚ್ಚು ಖಾಲಿ ಬಿದ್ದ ಮನೆಯನ್ನು ಸರಿಪಡಿಸಿದರೆ ಶೇ 5 ಎಂಬಂಥ ವಿನಾಯಿತಿಗಳಿವೆ. ಅಂದರೆ ಮನೆಯನ್ನು ಖಾಲಿ ಬಿಟ್ಟವನಿಗೆ ಸೋಡಿ, ವಾಸವಿದ್ದು ಕಾಪಾಡಿದವನಿಗೆ ಪೂರ್ತಿ ದರ! 2012ರ ಮೊದಲು ಇನ್ನೊಂದು ತಮಾಷೆಯಿತ್ತು. ಲಿಸ್ಟೆಡ್ ಮನೆಯಲ್ಲಿ ಅನುಮತಿ ಪಡೆದು ಮಾರ್ಪಾಡು ಮಾಡಿದರೆ ತೆರಿಗೆಯಿಲ್ಲ, ಇದ್ದದ್ದನ್ನು ಇದ್ದಂತೆ ದುರಸ್ತಿ ಮಾಡಿದರೆ ತೆರಿಗೆ. ಈ ವಿಪರೀತವನ್ನು ಸರಿಪಡಿಸಬೇಕೆಂದು ಪರಂಪರೆಯ ಪರವಾಗಿರುವವರು ಬಹುಕಾಲ ಕೂಗಿದರು. ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಸರಿಪಡಿಸಿಯೂ ಬಿಟ್ಟರು: 2012ರ ಅಕ್ಟೋಬರ್ 1ರಿಂದ ಎರಡಕ್ಕೂ ಶೇ 20. ಬೇಡಿದ್ದು ಇದನ್ನಲ್ಲ.

ಲಿಸ್ಟೆಡ್ ಪೂಜಾಸ್ಥಳಗಳಿಗೆ ಮಾತ್ರ ಕಟ್ಟಿದ ವ್ಯಾಟ್ ಹಿಂತಿರುಗಿಸುವ ಅನುದಾನ ಯೋಜನೆ 2001ರಿಂದ ನಡೆದುಬಂದಿತ್ತು. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಸರ್ಕಾರ ಅದಕ್ಕೂ ಮಿತಿ ಹಾಕಿತು. ಒಂದು ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡ್, ಇಡೀ ದೇಶಕ್ಕೆ 2.3 ಕೋಟಿ ಪೌಂಡ್. ಹಳ್ಳಿಯ ಚರ್ಚಿನ ಸಣ್ಣ ರಿಪೇರಿಗೆ 25,000 ಧಾರಾಳವಾಯಿತು. ದೊಡ್ಡ ಮಾಡು ಬದಲಿಸುವವರಿಗೆ ಅದು ವ್ಯಾಟ್‌ನ ಒಂದು ತುಣುಕು ಮಾತ್ರ. 1,25,000 ಪೌಂಡ್ ದಾಟಿದ ಕೆಲಸದಲ್ಲಿ ಆಚೆಗಿನ ವ್ಯಾಟ್ ಪೂರ್ತಿ ಚರ್ಚಿನ ಮೇಲೇ ಬೀಳುತ್ತಿತ್ತು.

ಕ್ಯಾಥೆಡ್ರಲ್ಲಿನ ಪ್ರಪಂಚವೇ ಬೇರೆ. ಆಂಗ್ಲಿಕನ್ ಕ್ಯಾಥೆಡ್ರಲ್ಲುಗಳು ಲಿಸ್ಟೆಡ್ ಕಟ್ಟಡದ ಸಾಮಾನ್ಯ ಅನುಮತಿಗೆ ಒಳಪಡುವುದಿಲ್ಲ, ಅವುಗಳಿಗೆ ತಮ್ಮದೇ ಸಮಿತಿಗಳಿವೆ, ತಮ್ಮದೇ ಕಟ್ಟಳೆಗಳಿವೆ. ಜನರನ್ನು ಒಳಗೆ ಕರೆಯಲು ನಾರಿಚ್ ಕ್ಯಾಥೆಡ್ರಲ್ 2019ರ ಆಗಸ್ಟ್‌ನಲ್ಲಿ ಮಾಡಿದ ಸಾಹಸ ಲೋಕವನ್ನೇ ಬೆಚ್ಚಿಬೀಳಿಸಿತು: ಜಾತ್ರೆಯಲ್ಲಿರುವಂಥ ಎತ್ತರದ ಸುರುಳಿ ಜಾರುಬಂಡೆಯನ್ನು ಗುಡಿಯ ನಡು ಅಂಕಣದಲ್ಲೇ ನಿಲ್ಲಿಸಿದರು. ಛಾವಣಿಯಲ್ಲಿ ಬೈಬಲ್ಲಿನ ಕಥೆಗಳನ್ನು ಕೆತ್ತಿದ ಬಣ್ಣದ ಉಬ್ಬುಗಲ್ಲುಗಳಿವೆ, ಇಡೀ ಕಟ್ಟಡದಲ್ಲಿ ಸಾವಿರಕ್ಕೂ ಮೇಲೆ. ಅವನ್ನು ಹತ್ತಿರದಿಂದ ನೋಡಲು ಜಾರುಬಂಡೆ ಹತ್ತಿ ಎಂಬುದು ಅವರ ಸಮಜಾಯಿಷಿ. ಬಿಷಪ್ ಒಬ್ಬರು ಅದರ ಮೇಲಿಂದಲೇ ಉಪದೇಶ ಮಾಡಿದರು. ಬಯ್ದವರು ಬಯ್ದರು, ಜನ ಸಾಲುಗಟ್ಟಿದರು. ಊರ ನಡುವಿನ ದಿಬ್ಬದ ಮೇಲಿರುವ ನಾರ್ಮನ್ ಕೋಟೆಯ ಕಥೆಯೂ ಇದೇ ಧಾಟಿಯದು. 2.75 ಕೋಟಿ ಪೌಂಡ್ ಖರ್ಚಿನಲ್ಲಿ ಒಳಗಿನ ಮಹಡಿಗಳನ್ನು ಮತ್ತೆ ಕಟ್ಟಿ, ಗಾಲಿಕುರ್ಚಿಯವರೂ ತುದಿಯವರೆಗೆ ಹೋಗುವಂತೆ ಲಿಫ್ಟ್ ಇರಿಸಿ 2025ರ ಆಗಸ್ಟ್‌ನಲ್ಲಿ ತೆರೆದರು. ದೊಡ್ಡವರಿಗೆ ಹೇಗೋ ಹಣ ಹುಟ್ಟುತ್ತದೆ ಎನ್ನೋಣ. ಸೇಂಟ್ ಗ್ರೆಗರಿಗೆ ಕತ್ತರಿಸಲು ರಿಬ್ಬನ್ ಯಾರೂ ತರುವುದಿಲ್ಲ.

ಹಳೆಯದೆಂದರೆ ಮಧ್ಯಯುಗದ್ದೇ ಆಗಬೇಕಿಲ್ಲ. ಊರ ಹೊರಗಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಡೆನಿಸ್ ಲಾಸ್ಡನ್ 1960ರ ದಶಕದಲ್ಲಿ ಮೆಟ್ಟಿಲು ಪಿರಮಿಡ್ಡುಗಳಂತೆ ವಿನ್ಯಾಸಗೊಳಿಸಿದ ವಿದ್ಯಾರ್ಥಿ ವಸತಿಗಳಿವೆ. ಅವೂ ಪಟ್ಟಿಯಲ್ಲಿವೆ, ನಕ್ಷತ್ರ ಗುರುತಿನ ಎರಡನೆಯ ದರ್ಜೆಯಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ, ತರಗತಿ ಶುರುವಾಗುವ ಹೊಸ್ತಿಲಲ್ಲಿ, ಅವನ್ನು ಮುಚ್ಚಬೇಕಾಯಿತು. ಗಾಳಿಗುಳ್ಳೆ ತುಂಬಿದ ರಾಕ್ ಎಂಬ ಹಗುರ ಕಾಂಕ್ರೀಟು ಎಚ್ಚರಿಕೆ ಕೊಡದೆ ಕುಸಿಯಬಹುದೆಂಬ ಭಯಕ್ಕೆ ದೇಶದ ಶಾಲೆಗಳೆಲ್ಲ ನಡುಗಿದ್ದ ತಿಂಗಳದು. ಚಕಮಕಿ ಕಲ್ಲಿನ ಚರ್ಚು ಐನೂರು ವರ್ಷ ನಿಂತಿದೆ, ಮೊನ್ನೆ ಮೊನ್ನೆಯ ಕಾಂಕ್ರೀಟು ಅರವತ್ತಕ್ಕೇ ಮಂಡಿಯೂರಿದೆ. ಎರಡನ್ನೂ ಒಂದೇ ಕಾಯ್ದೆ ಕಾಯುತ್ತದೆ, ಎರಡಕ್ಕೂ ಬಿಡಿಗಾಸು ಕೊಡುವುದಿಲ್ಲ.

ಎಲ್ಮ್ ಹಿಲ್ ಬೀದಿಗೆ ಹೋಗದೆ ನಾರಿಚ್‌ನ ಮಾತು ಮುಗಿಸಿದರೆ ಊರಿನವರು ಒಪ್ಪುವುದಿಲ್ಲ. ಉರುಟು ಕಲ್ಲು ಹಾಸಿದ ಇಳಿಜಾರು, ಎರಡೂ ಬದಿ ಟ್ಯೂಡರ್ ಕಾಲದ ಮರದ ಚೌಕಟ್ಟಿನ ಮನೆಗಳು. 1507ರ ಬೆಂಕಿಯಲ್ಲಿ ಊರಿನ ಸುಮಾರು 700 ಮನೆಗಳು ಸುಟ್ಟುಹೋದವು. ಈ ಬೀದಿಯಲ್ಲಿ ಉಳಿದದ್ದು ಹುಲ್ಲುಮಾಡಿನ ಬ್ರಿಟನ್ಸ್ ಆರ್ಮ್ಸ್ ಒಂದೇ. ಅದೀಗ ಕಾಫಿ, ತಿಂಡಿಯ ಮನೆ. 1920ರ ದಶಕದಲ್ಲಿ ಇಡೀ ಬೀದಿ ಕೊಳೆಗೇರಿಯಾಗಿ, ಕೆಡವುವ ಮಾತು ನಗರಸಭೆಯ ಮುಂದೆ ಬಂದಾಗ ಒಂದೇ ಒಂದು ಮತದಿಂದ ಅದು ಉಳಿಯಿತು ಎಂದು ಊರು ಇಂದಿಗೂ ನೆನೆಯುತ್ತದೆ. ಉಳಿಸಿಕೊಂಡ ಮೇಲೆ ನಗರಸಭೆ ಸುಮ್ಮನೆ ಕೂರಲಿಲ್ಲ, ದುರಸ್ತಿ ಮಾಡಿಸಿ ಬಾಡಿಗೆಗೆ ಕೊಟ್ಟಿತು. ಪ್ರವಾಸಿಗಳ ಕ್ಯಾಮೆರಾಗೆ ಇಂದು ಕಾಣುವ ಅಂದ ಆ ಮತದಿಂದ ಬಂದದ್ದು ಅರ್ಧ, ಆಮೇಲಿನ ಹೆಂಚು, ಸುಣ್ಣ, ಬಾಡಿಗೆ ಕರಾರುಗಳಿಂದ ಬಂದದ್ದು ಇನ್ನರ್ಧ. ಬೀದಿಗೆ ಹೆಸರು ಕೊಟ್ಟ ಎಲ್ಮ್ ಮರವಂತೂ 1970ರ ದಶಕದಲ್ಲಿ ದೇಶವ್ಯಾಪಿಯಾದ ರೋಗಕ್ಕೆ ಬಲಿಯಾಯಿತು. ಆ ಜಾಗದಲ್ಲಿ ಈಗ ನೆರಳು ಕೊಡುತ್ತಿರುವುದು ಬೇರೆ ಜಾತಿಯ ಮರ.

ಆಂಗ್ಲಿಯಾ ಸ್ಕ್ವೇರ್‌ಗೆ ಎದುರಾಗಿ, ರಸ್ತೆಯ ಆಚೆ ಬದಿಯಲ್ಲಿ ಸೇಂಟ್ ಅಗಸ್ಟೀನ್ ಚರ್ಚಿದೆ. ಚಕಮಕಿ ಕಲ್ಲಿನ ಊರಿನಲ್ಲಿ ಅದರ ಗೋಪುರ ಮಾತ್ರ ಕೆಂಪು ಇಟ್ಟಿಗೆಯದು, 1680ರ ದಶಕದಲ್ಲಿ ಕಟ್ಟಿದ್ದು. ಪ್ರಾರ್ಥನೆ ನಿಂತಿದೆ, ಒಂದು ರಾಷ್ಟ್ರೀಯ ಟ್ರಸ್ಟು ಅದನ್ನು ನೋಡಿಕೊಳ್ಳುತ್ತಿದೆ. ಕೆಡವಿದ ಜಾಗದಲ್ಲಿ ಮುಂದೆ ಏಳುವ ಹೊಸ ಮನೆಗಳಿಗೆ ವ್ಯಾಟ್ ಸೊನ್ನೆ. ಆ ಗೋಪುರದ ಸವೆದ ಇಟ್ಟಿಗೆಯೊಂದನ್ನು ತೆಗೆದು ಸುಣ್ಣದಲ್ಲಿ ಹೊಸದನ್ನು ಕೂರಿಸಿದ ಮೇಸ್ತ್ರಿ ಬರೆಯುವ ಬಿಲ್ಲಿನಲ್ಲಿ ಶೇ 20.